ಚನ್ನಪಟ್ಟಣದ ಗೊಂಬೆ ಮಾರಿದ ದಾರಿಗಳು

ಮರದ ತುಂಡೊಂದು ಲೇತಿನ ಮೇಲೆ ಗಿರಗಿರನೆ ತಿರುಗುತ್ತಿದೆ. ಉಳಿ ತಾಗಿದಲ್ಲೆಲ್ಲ ಬಿಳಿಯ ಹೊಟ್ಟು ಸುರುಳಿ ಸುರುಳಿಯಾಗಿ ಎದ್ದು ಬೀಳುತ್ತಿದೆ. ನೋಡುತ್ತಿದ್ದಂತೆ ಒರಟು ಮರಕ್ಕೆ ಹೊಟ್ಟೆ ಬರುತ್ತದೆ, ಕತ್ತು ಬರುತ್ತದೆ, ತಲೆ ಮೂಡುತ್ತದೆ. ಆಮೇಲೆ ಹಳದಿ ಅರಗಿನ ಕಡ್ಡಿಯ ಸರದಿ. ತಿರುಗುವ ಮರಕ್ಕೆ ಅದನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ, ಬಣ್ಣ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹರಿದುಬಿಡುತ್ತದೆ. ಕೊನೆಗೆ ಒಣಗಿದ ತಾಳೆಗರಿಯ ತುಂಡನ್ನು ಒಂದೆರಡು ಸಲ ಒತ್ತಿ ಎಳೆದರೆ ಮುಖ ಕಾಣುವಷ್ಟು ಹೊಳಪು.

ಫೋನಿನಲ್ಲಿ ಇಂಥ ವಿಡಿಯೊ ಕಂಡರೆ ಬೆರಳು ಮುಂದಕ್ಕೆ ಸರಿಯುವುದಿಲ್ಲ. ಅರ್ಧ ನಿಮಿಷದೊಳಗೆ ಕಚ್ಚಾ ಮರ ಗೊಂಬೆಯಾಗುವುದನ್ನು ಕಣ್ಣಾರೆ ನೋಡುವ ಅವಕಾಶ ಎಷ್ಟು ಕಸುಬುಗಳಲ್ಲಿದೆ? ನೇಯ್ಗೆಯವರಿಗೆ ಸೀರೆ ಮುಗಿಸಲು ದಿನಗಟ್ಟಲೆ ಬೇಕು, ಕಂಚಿನ ಎರಕಕ್ಕೆ ವಾರಗಳು. ಚನ್ನಪಟ್ಟಣದ ಅರಗಿನ ಕೆಲಸ ಮಾತ್ರ ಕಿರು ವಿಡಿಯೊಗೆ ಹೇಳಿ ಮಾಡಿಸಿದಂತಿದೆ. ವಿಡಿಯೊದ ಮೂಲೆಯಲ್ಲಿ ಪುಟ್ಟ ಚೀಲದ ಗುರುತು, ಅದನ್ನು ಒತ್ತಿದರೆ ಗೊಂಬೆಯ ಬೆಲೆ, ಇನ್ನೆರಡು ಸಲ ಒತ್ತಿದರೆ ಹಣ ಕಟ್ಟಿದ್ದೂ ಆಯಿತು. ಕೆಲಸ ನೋಡುವುದಕ್ಕೂ ಗೊಂಬೆ ಕೊಳ್ಳುವುದಕ್ಕೂ ನಡುವೆ ಇದ್ದ ದೂರ ಇಷ್ಟು ಕುಗ್ಗಿದ್ದು ಈ ಊರಿನ ಚರಿತ್ರೆಯಲ್ಲಿ ಇದೇ ಮೊದಲು.

ಆದರೆ ಮಾರಾಟದ ದಾರಿ ಬದಲಾದದ್ದು ಮೊದಲ ಸಲವೇನಲ್ಲ. ಜಾತ್ರೆ, ರೈಲು, ಪ್ರದರ್ಶನ, ಸರ್ಕಾರಿ ಮಳಿಗೆ, ಹೆದ್ದಾರಿಯ ಅಂಗಡಿ ಎಂದು ಗೊಂಬೆ ಹಲವು ದಾರಿಗಳಲ್ಲಿ ಹೊರಟುಹೋಗಿದೆ. ಪ್ರತಿ ದಾರಿಯೂ ಒಂದು ಮಾತನ್ನು ತೀರ್ಮಾನಿಸಿದೆ: ಗಿರಾಕಿಯ ಮುಖ ನೋಡುವವರು ಯಾರು? ಲೇತಿನ ಮುಂದೆ ಕೂತವನೋ, ನಡುವೆ ನಿಂತವನೋ? ವಿಡಿಯೊಗೆ ಅಂಟಿದ ಲಿಂಕಿನ ಕಥೆಯನ್ನೂ ಈ ಪ್ರಶ್ನೆ ಹಿಡಿದೇ ನೋಡಬೇಕು.

ಚನ್ನಪಟ್ಟಣ ದೂರದ ಗಿರಾಕಿಯನ್ನು ನಂಬಿ ಬದುಕಿದ ಊರು. 16ನೇ ಶತಮಾನದ ಕೊನೆಯಲ್ಲಿ ಜಗದೇವರಾಯ ಇಲ್ಲಿ ಕೋಟೆ ಕಟ್ಟಿ ಇದನ್ನು ತನ್ನ ರಾಜಧಾನಿ ಮಾಡಿಕೊಂಡ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇಲೆ ಮೈಸೂರು ಸೀಮೆ ಸುತ್ತಲು ಬಂದ ಫ್ರಾನ್ಸಿಸ್ ಬುಕಾನನ್ ಈ ಊರಲ್ಲಿ ಕಂಡ ಕಸುಬುಗಳನ್ನು ಬರೆದಿಟ್ಟಿದ್ದಾನೆ. ಗಾಜಿನ ಬಳೆ ಮಾಡುವವರಿದ್ದರು. ಟಿಪ್ಪುವಿನ ಅರಮನೆಗೆಂದು ಅಚ್ಚ ಬಿಳಿಯ ಸಕ್ಕರೆ ತಯಾರಿಸುವ ವಿದ್ಯೆ ಒಂದು ಮನೆತನದ ಕೈಯಲ್ಲಿತ್ತು. ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯಂತೂ ಹೆಸರುವಾಸಿಯಾಗಿ ಹಿಂದೂಸ್ತಾನದ ದೂರದೂರದ ಮೂಲೆಗಳಿಗೆ ಹೋಗುತ್ತಿತ್ತು. ಎಲ್ಲೋ ಉತ್ತರದ ಊರೊಂದರಲ್ಲಿ ವೀಣೆಗೆ ತಂತಿ ಬಿಗಿದ ವಾದಕನಿಗೆ ಅದನ್ನು ಎಳೆದವನ ಹೆಸರು ತಿಳಿಯುವಂತಿರಲಿಲ್ಲ. ಊರಿನ ಹೆಸರಷ್ಟೇ ಮಾಲಿನ ಜೊತೆ ಹೋಗುತ್ತಿತ್ತು.

ಗೊಂಬೆಯ ಮೂಲದ ಬಗ್ಗೆ ಊರಲ್ಲಿ ಎಲ್ಲರೂ ಹೇಳುವ ಮಾತು ಟಿಪ್ಪುವಿನದು. ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಅರಗಿನ ಕೆಲಸ ಕಲಿಸಿದ ಎಂಬುದು ತಲೆಮಾರುಗಳಿಂದ ಬಂದ ಹೇಳಿಕೆ. ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ಅಭಿಮಾನ ಎಂದು ಬಿಡಿಸುವುದು ಕಷ್ಟ. ಆದರೆ 19ನೇ ಶತಮಾನ ಮುಗಿಯುವ ಹೊತ್ತಿಗೆ ಕಸುಬು ಗಟ್ಟಿಯಾಗಿ ನೆಲೆ ನಿಂತಿತ್ತು ಎಂಬುದಕ್ಕೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಸಾಕ್ಷಿ ಕೊಡುತ್ತದೆ. ಅದರಲ್ಲಿ ತಂತಿ, ಬಳೆಗಳ ಜೊತೆಗೆ ಅರಗಿನ ಸಾಮಾನು ಮತ್ತು ಆಟಿಕೆಗಳಿಗೂ ಈ ಊರು ಪ್ರಸಿದ್ಧ ಎಂದಿದೆ. ತಂತಿಯ ಕಸುಬು ಹೋಯಿತು, ಸಕ್ಕರೆಯ ವಿದ್ಯೆ ಹೋಯಿತು. ಗೊಂಬೆ ಉಳಿಯಿತು.

ಉಳಿಯಲು ಕಾರಣರಾದವರಲ್ಲಿ ಬಾವಾಸ್ ಮಿಯಾ ಅವರ ಹೆಸರು ಮೊದಲು ಬರುತ್ತದೆ. ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎಂದೇ ಅವರನ್ನು ಕರೆಯುತ್ತಾರೆ. ಜಪಾನಿನ ಗೊಂಬೆ ತಯಾರಿಕೆಯ ರೀತಿಗಳನ್ನು ತಿಳಿದುಕೊಂಡು, ಇಲ್ಲಿನವರ ಕೈಗೆ ಒಗ್ಗುವಂತೆ ತಂದು ಕಲಿಸಿದವರು ಅವರು. ಅದಕ್ಕೆ ಮುಂಚೆ ಕೆಲಸ ನಡೆಯುತ್ತಿದ್ದುದು ಬಿಲ್ಲಿನಿಂದ ಎಳೆಯುವ ಕೈಲೇತಿನಲ್ಲಿ. ಒಂದು ಕೈ ಬಿಲ್ಲನ್ನು ಹಿಂದೆ ಮುಂದೆ ಎಳೆಯುತ್ತಿದ್ದರೆ ಇನ್ನೊಂದು ಕೈ ಉಳಿ ಹಿಡಿದಿರುತ್ತಿತ್ತು, ಉಳಿ ಜಾರದಂತೆ ಕಾಲಿನ ಬೆರಳು ಆನಿಸಬೇಕಿತ್ತು. ವಿದ್ಯುತ್ ಲೇತು ಬಂದ ಮೇಲೆ ಎರಡು ಕೈಯೂ ಉಳಿಗೆ ಸಿಕ್ಕವು, ಮರ ನಿಲ್ಲದೆ ಒಂದೇ ದಿಕ್ಕಿಗೆ ತಿರುಗಿತು. ದುಂಡನೆಯ ಬೊಂಬೆ, ಬುಗುರಿ, ಗಿಲಿಕೆ, ಕುಂಕುಮದ ಭರಣಿ ಒಂದೇ ಅಳತೆಯಲ್ಲಿ ನೂರಾರು ಇಳಿಯತೊಡಗಿದವು. ಸಣ್ಣ ಮಣಿ, ಬಳೆಗಳಿಗೆ ಕೈಲೇತು ಈಗಲೂ ಕೆಲವು ಮನೆಗಳಲ್ಲಿದೆ.

ಮರದ ಆಯ್ಕೆಯಲ್ಲೇ ಈ ಕಸುಬಿನ ಅರ್ಧ ಗುಟ್ಟಿದೆ. ಆಲೆ ಮರ ಬಿಳಿ, ಹಗುರ, ಎಳೆ ನಯ. ಉಳಿಗೆ ಸಿಗಿಯುವುದಿಲ್ಲ, ಅರಗನ್ನು ಚೆನ್ನಾಗಿ ಹಿಡಿಯುತ್ತದೆ. ಬಣ್ಣಕ್ಕೆ ಅರಿಶಿನ, ನೀಲಿ ಮುಂತಾದವನ್ನು ಅರಗಿಗೆ ಬೆರೆಸಿ, ಕಾಯಿಸಿ, ನಾದಿ, ಎಳೆದು ಕಡ್ಡಿ ಮಾಡಿಕೊಳ್ಳುತ್ತಾರೆ. ಮಗು ಬಾಯಿಗಿಟ್ಟರೂ ಭಯವಿಲ್ಲ ಎಂಬ ಮಾತು ಇಂದಿನ ಜಾಹೀರಾತುಗಳಲ್ಲಿ ಕೇಳುತ್ತದಲ್ಲ, ಅದರ ಬುಡ ಇರುವುದು ಈ ಅರಗಿನ ಕಡ್ಡಿಯಲ್ಲಿ. ಕೃತಕ ಬಣ್ಣಗಳು ನಡುವೆ ನುಗ್ಗಿದ್ದೂ ನಿಜ; ಹೊರದೇಶದ ಗಿರಾಕಿಗಳು ಕೇಳತೊಡಗಿದ ಮೇಲೆ ಗಿಡಮೂಲದ ಬಣ್ಣಗಳು ಮತ್ತೆ ಮರಳಿದವು.

ಇನ್ನು ಮಾರಾಟ. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ 1881-82ರಲ್ಲಿ ಪೂರ್ಣಗೊಂಡಾಗ ಚನ್ನಪಟ್ಟಣ ನಡುದಾರಿಯ ನಿಲ್ದಾಣವಾಯಿತು. ಎರಡು ದೊಡ್ಡ ಊರುಗಳ ನಡುವೆ ಓಡಾಡುವ ಜನ ಮನೆಯ ಮಕ್ಕಳಿಗೆ ಏನಾದರೂ ಒಯ್ಯಬೇಕು, ಆ ಏನಾದರೂ ಇಲ್ಲಿ ಸಿಗುತ್ತಿತ್ತು. ಮೈಸೂರಿನ ದಸರಾ ಪ್ರದರ್ಶನ ಇನ್ನೊಂದು ಬಾಗಿಲು ತೆರೆಯಿತು. ನವರಾತ್ರಿಯಲ್ಲಿ ಮನೆಮನೆಯಲ್ಲೂ ಬೊಂಬೆ ಕೂರಿಸುವ ಪದ್ಧತಿ ಇದ್ದ ಸೀಮೆಯಲ್ಲಿ ಗೊಂಬೆಯವರಿಗೆ ಅದು ವರ್ಷದ ದೊಡ್ಡ ಸುಗ್ಗಿ.

1964ರಲ್ಲಿ ಹುಟ್ಟಿದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ತನ್ನ ಕಾವೇರಿ ಮಳಿಗೆಗಳ ಮೂಲಕ ಗೊಂಬೆಯನ್ನು ಶ್ರೀಗಂಧದ ಆನೆ, ಬೀಟೆಯ ಕುಸುರಿ ಕೆಲಸಗಳ ಪಕ್ಕದಲ್ಲಿ ಗಾಜಿನ ಕಪಾಟಿಗೆ ಏರಿಸಿತು. ಬೆಲೆಪಟ್ಟಿ ನಿಗದಿಯಾಯಿತು, ಮಾಲಿಗೆ ಮಾನ ಬಂತು. ಚನ್ನಪಟ್ಟಣದಲ್ಲಿ ಸರ್ಕಾರ ಅರಗಿನ ಕರಕುಶಲ ಸಂಕೀರ್ಣ ಕಟ್ಟಿಸಿ 32 ಲೇತುಗಳನ್ನು ಹಾಕಿಸಿತು. ರಾಜ್ಯದ ವಿಶ್ವ ಯೋಜನೆಯಡಿ, ನೆದರ್ಲೆಂಡ್ಸ್ ಸರ್ಕಾರದ ನೆರವೂ ಸೇರಿ, ಕುಶಲಕರ್ಮಿಗಳಿಗೆ ಹಣಸಹಾಯ ಸಿಕ್ಕಿತು. ಸರ್ಕಾರಿ ಕೆಲಸವೆಂದು ಇದನ್ನು ಹಗುರವಾಗಿ ಕಾಣುವವರಿದ್ದಾರೆ. ತಪ್ಪು. ಸ್ವಂತ ಮೋಟಾರು ಕೊಳ್ಳಲಾಗದ ಕುಟುಂಬಕ್ಕೆ ಸಂಕೀರ್ಣದ ಲೇತು ಸಿಕ್ಕಿದ್ದರಿಂದ ಎರಡು ಹೊತ್ತಿನ ಊಟ ನಡೆದಿದೆ.

ಆದರೂ ಮಾಮೂಲು ಗಿರಾಕಿಗೆ ಚನ್ನಪಟ್ಟಣ ಎಂದರೆ ನೆನಪಾಗುವುದು ರಸ್ತೆಬದಿ. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆಗಳ ನಡುವೆ, ಬೆಂಗಳೂರು–ಮೈಸೂರು ಹೆದ್ದಾರಿಯ ಎರಡೂ ಮಗ್ಗುಲಿಗೆ ಸಾಲು ಸಾಲು ಗೊಂಬೆ ಅಂಗಡಿಗಳು. ಮುಂದೆ ತೂಗುವ ಮರದ ಕುದುರೆ, ಹಗ್ಗಕ್ಕೆ ನೇತುಹಾಕಿದ ಬಣ್ಣದ ಗಿಲಿಕೆಗಳು, ಮಗು ನಡೆ ಕಲಿಯುವ ಮೂರು ಚಕ್ರದ ಗಾಡಿ, ತಲೆ ಆಡಿಸುವ ಅಜ್ಜ ಅಜ್ಜಿ. ಕಾರಿನ ಹಿಂದಿನ ಸೀಟಿನಿಂದ ಮಗು ಬೆರಳು ತೋರಿಸಿದರೆ ಸಾಕು, ಅಪ್ಪ ಬ್ರೇಕ್ ಒತ್ತಲೇಬೇಕಿತ್ತು. ನೋಡಿದ್ದನ್ನು ಅಲ್ಲೇ, ಆ ಗಳಿಗೆಯಲ್ಲೇ ಕೊಳ್ಳುವ ವ್ಯಾಪಾರ ಅದು. ಕಿರು ವಿಡಿಯೊದ ಕೆಳಗಿನ ಲಿಂಕು ಮಾಡುವುದೂ ಅದನ್ನೇ. ಅಂಗಡಿಯವನಿಗೆ ಗೊತ್ತಿದ್ದ ಗುಟ್ಟನ್ನು ಕ್ಯಾಲಿಫೋರ್ನಿಯಾದ ಕಂಪನಿಗಳು ಆಮೇಲೆ ಕಲಿತವು, ಅಷ್ಟೆ.

ಆ ಅಂಗಡಿ ಸಾಲಿನ ಒಳಗಿನ ಲೆಕ್ಕ ಬೇರೆಯೇ ಇತ್ತು. ಲೇತಿನವರು ಊರೊಳಗೆ, ಅಂಗಡಿ ಹೆದ್ದಾರಿಯಲ್ಲಿ. ಕಡೆಯುವವರಿಗೆ, ಬಣ್ಣ ಹಚ್ಚುವ ಹೆಂಗಸರಿಗೆ ಸಿಗುತ್ತಿದ್ದುದು ಬಿಡಿ ಲೆಕ್ಕದ ಕೂಲಿ, ಒಂದಕ್ಕೆ ಇಷ್ಟು ಎಂದು. ಗಿರಾಕಿ ಏನು ಇಷ್ಟಪಟ್ಟ, ಏನನ್ನು ಮುಟ್ಟಿ ಬಿಟ್ಟ, ಯಾವ ಬಣ್ಣ ಕೇಳಿದ ಎಂಬ ಸುದ್ದಿ ಅಂಗಡಿಯಲ್ಲೇ ಉಳಿಯುತ್ತಿತ್ತು. 1990ರ ನಂತರ ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆ ಬಂದಾಗ ಅದೂ ಇದೇ ಅಂಗಡಿಗಳ ಕಪಾಟಿನಲ್ಲಿ ಗೊಂಬೆಯ ಪಕ್ಕ ಕೂತಿತು. ಅಂಗಡಿಯವನಿಗೆ ಎರಡೂ ಮಾಲೇ. ಪೆಟ್ಟು ಬಿದ್ದದ್ದು ಲೇತಿನವನಿಗೆ.

ಪಕ್ಕದ ರಾಮನಗರವನ್ನು ನೋಡಿದರೆ ಈ ಕೊರತೆ ಎದ್ದು ಕಾಣುತ್ತದೆ. ಕನಕಪುರ, ಮಾಗಡಿ ಕಡೆಯ ಹಿಪ್ಪುನೇರಳೆ ಬೆಳೆಗಾರರು ಗೂಡು ತಂದು ಸುರಿಯುವುದು ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಮಾರುಕಟ್ಟೆ ಅದು. 1959ರ ಕಾಯ್ದೆ ಪ್ರಕಾರ ಗೂಡಿನ ವ್ಯವಹಾರ ಬಹಿರಂಗ ಹರಾಜಿನಲ್ಲೇ ನಡೆಯಬೇಕು, ಈಗ ಅದು ಇ-ಹರಾಜು. ರೈತನಿಗೆ ಅವತ್ತಿನ ದರ ಅವತ್ತೇ ಗೊತ್ತಾಗುತ್ತದೆ, ಬೆಲೆ ಒಪ್ಪದಿದ್ದರೆ ಒಲ್ಲೆ ಎನ್ನಬಹುದು. ಹನ್ನೆರಡು ಕಿಲೋಮೀಟರ್ ದೂರದ ಚನ್ನಪಟ್ಟಣದ ಲೇತಿನವನಿಗೆ ಇಂಥ ಕಟ್ಟೆ ಯಾವ ಕಾಲಕ್ಕೂ ಇರಲಿಲ್ಲ. ಅವನ ದರ ಗಿರಾಕಿಯನ್ನು ಕಂಡವನ ಬಾಯಿಯಲ್ಲಿತ್ತು.

2005-06ರಲ್ಲಿ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚ್ಯಂಕದ ರಕ್ಷಣೆ ಸಿಕ್ಕಿತು. ನೋಂದಣಿಯಾದದ್ದು ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿ. 2006ರ ಅಕ್ಟೋಬರ್ ಹೊತ್ತಿಗೆ ಊರಲ್ಲಿ 254 ಮನೆ ಘಟಕಗಳು, 50 ಸಣ್ಣ ಕಾರ್ಖಾನೆಗಳು, ಅವುಗಳನ್ನು ನಂಬಿದ 6,000ಕ್ಕೂ ಹೆಚ್ಚು ಜನ ಇದ್ದರು ಎಂಬ ಲೆಕ್ಕವಿದೆ. ಹೆಸರಿಗೆ ಕಾನೂನಿನ ಬೇಲಿ ಬಂತು, ನಿಜ. ಆದರೆ ಬೇಲಿ ಕಾಯುವ ಕೆಲಸಕ್ಕೆ ಯಾರೂ ಮನಸ್ಸಿಟ್ಟು ನಿಲ್ಲಲಿಲ್ಲ. ಬೇಡಿಕೆ ಬಿದ್ದುಹೋಗಿದ್ದ ಆ ವರ್ಷಗಳಲ್ಲಿ ಹಲವರು ಲೇತು ಬಿಟ್ಟು ಬೇರೆ ಕೆಲಸ ಹಿಡಿದರು. ಕಸುಬಿಗೆ ಹೊಸ ವಿನ್ಯಾಸ, ಹೊಸ ಗಿರಾಕಿಯನ್ನು ತರಲು ಮಾಯಾ ಆರ್ಗ್ಯಾನಿಕ್‌ನಂಥ ಸಂಸ್ಥೆಗಳು ದುಡಿದವು. 2011ರಲ್ಲಿ ಬೆಂಗಳೂರಿನಲ್ಲಿ ಕಾರ್ತಿಕ್ ವೈದ್ಯನಾಥನ್ ಆರಂಭಿಸಿದ ವರ್ಣಂ, ಅರಗಿನ ಕೆಲಸವನ್ನು ಆಟಿಕೆಯಿಂದಾಚೆ ದೀಪ, ಅಡುಗೆಮನೆಯ ಅಲಂಕಾರ, ಆಭರಣಗಳತ್ತ ಒಯ್ದಿತು. ಇಂಥವರ ಗಿರಾಕಿ ಹೆದ್ದಾರಿಯಲ್ಲಿರಲಿಲ್ಲ. ಇಂಟರ್‌ನೆಟ್‌ನಲ್ಲಿದ್ದ.

ಇತ್ತ ಲಿಂಕು ಒತ್ತಿಸಿ ಮಾರುವ ವಿದ್ಯೆಯೂ ಬೆಳೆಯುತ್ತಿತ್ತು. ಬೇರೆಯವರ ಪುಟದಲ್ಲಿ ಪುಸ್ತಕದ ಕೊಂಡಿ ಹಾಕಿಸಿ, ಅದರಿಂದ ಬಂದ ಗಿರಾಕಿ ಕೊಂಡರೆ ಕೊಂಡಿ ಹಾಕಿದವರಿಗೆ ಕಮಿಷನ್ ಕೊಡುವ ಪದ್ಧತಿಯನ್ನು ಅಮೆಜಾನ್ 1996ರಲ್ಲೇ ತಂದಿತ್ತು. ಇನ್‌ಸ್ಟಾಗ್ರಾಮ್ 2016ರ ನವೆಂಬರ್‌ನಲ್ಲಿ ಅಮೆರಿಕದ ಕೆಲವೇ ಕಂಪನಿಗಳ ಚಿತ್ರಗಳ ಮೇಲೆ ವಸ್ತುವಿನ ಬೆಲೆಪಟ್ಟಿ ಅಂಟಿಸಿ ನೋಡಿತು. ಭಾರತದಲ್ಲಿ ಇದಕ್ಕೆ ಮುಂಚೆಯೇ ವಾಟ್ಸಾಪ್ ಆ ಕೆಲಸ ಮಾಡುತ್ತಿತ್ತು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೊ ಬೆಳೆದದ್ದೇ ಗೃಹಿಣಿಯರು ಸೀರೆ, ಪಾತ್ರೆ, ಆಟಿಕೆಗಳ ಚಿತ್ರಗಳನ್ನು ನೆಂಟರಿಷ್ಟರ ಗುಂಪುಗಳಿಗೆ ಕಳಿಸಿ, ಬೆಲೆಯ ಮೇಲೆ ತಮ್ಮ ಲಾಭವನ್ನಿಟ್ಟು ಮಾರಿದ್ದರಿಂದ.

2020 ಎಲ್ಲವನ್ನೂ ಒಟ್ಟಿಗೆ ತಂದ ವರ್ಷ. ಫೆಬ್ರುವರಿಯ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತು (2023ರಲ್ಲಿ ಅದು ಶೇ 70 ಆಯಿತು). ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಹೆದ್ದಾರಿ ಖಾಲಿ ಬಿತ್ತು, ಅಂಗಡಿ ಮುಚ್ಚಿತು, ಲೇತು ನಿಂತಿತು. ಜೂನ್ 29ಕ್ಕೆ ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಹತ್ತು ದಿನ ಕಳೆಯುವುದರೊಳಗೆ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ಆರಂಭಿಸಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಈ ನಡುವೆ ಆಗಸ್ಟ್ 30ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ನರೇಂದ್ರ ಮೋದಿ ದೇಶದ ಆಟಿಕೆ ಊರುಗಳನ್ನು ಹೆಸರಿಸುವಾಗ ರಾಮನಗರದ ಚನ್ನಪಟ್ಟಣವನ್ನು ನೆನೆದರು. ಮುಂದಿನ ಫೆಬ್ರುವರಿ 27ರಂದು ಆನ್‌ಲೈನ್‌ನಲ್ಲೇ ನಡೆದ ಭಾರತ ಆಟಿಕೆ ಮೇಳದ ಉದ್ಘಾಟನೆಯಲ್ಲಿ ಅವರು ಚನ್ನಪಟ್ಟಣದ ಕುಶಲಕರ್ಮಿಗಳ ಜೊತೆ ವಿಡಿಯೊ ಮೂಲಕ ಮಾತಾಡಿದರು. ದಸರಾ ಪ್ರದರ್ಶನಕ್ಕೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಕಸುಬು ಈಗ ಪರದೆಯೊಳಗಿನ ಮಳಿಗೆಯಲ್ಲಿ ಕೂತಿತ್ತು.

ಅದೇ ವೇಳೆಗೆ, 2021ರ ಜನವರಿ 1ರಿಂದ, ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಮನೆಯ ಹಜಾರದಲ್ಲಿ ಒಂದು ಲೇತು ಇಟ್ಟುಕೊಂಡವರು ಪ್ರಯೋಗಾಲಯದ ಪರೀಕ್ಷೆಗೆ ಹಣ ಎಲ್ಲಿಂದ ತರುವುದು? ನೋಂದಾಯಿತ ಕರಕುಶಲಿಗರಿಗೂ ಭೌಗೋಳಿಕ ಸೂಚ್ಯಂಕದ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಕೊಟ್ಟಿದ್ದರಿಂದ ಊರು ಉಸಿರಾಡಿತು. ಕಾಗದದಲ್ಲಿ ಮಲಗಿದ್ದ ನೋಂದಣಿ ಮೊದಲ ಸಲ ಹೊಟ್ಟೆಪಾಡಿಗೆ ನೆರವಾದದ್ದು ಹೀಗೆ.

ವಿಡಿಯೊಗೆ ಕೊಂಡಿ ಸೇರಿದ ಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯೂಟ್ಯೂಬ್ 2021ರಲ್ಲಿ ಸಿಮ್‌ಸಿಮ್ ಎಂಬ ಭಾರತೀಯ ವಿಡಿಯೊ ವ್ಯಾಪಾರದ ಆ್ಯಪನ್ನು ಕೊಂಡಿತು. ಸಣ್ಣ ಅಂಗಡಿಗಳ ಮಾಲನ್ನು ಅದರಲ್ಲಿ ಹಿಂದಿ, ತಮಿಳು, ಬಂಗಾಳಿ ವಿಡಿಯೊಗಳ ಮೂಲಕ ಮಾರುತ್ತಿದ್ದರು. ಆ ಮೂರರಲ್ಲಿ ಕನ್ನಡ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಯೂಟ್ಯೂಬ್ ಶಾಪಿಂಗ್‌ನ ಕಮಿಷನ್ ಯೋಜನೆ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆಗೂಡಿ ಭಾರತಕ್ಕೆ ಬಂತು. ಎರಡೂ ಬೆಂಗಳೂರಿನ ಕಂಪನಿಗಳು, ಚನ್ನಪಟ್ಟಣದಿಂದ ಅರವತ್ತು ಕಿಲೋಮೀಟರ್ ಆಚೆ. ವಿಡಿಯೊ ಮಾಡುವವರು ಆ ಮಳಿಗೆಗಳ ವಸ್ತುವನ್ನು ತಮ್ಮ ಶಾರ್ಟ್ಸ್‌ಗೆ ಅಂಟಿಸುತ್ತಾರೆ, ನೋಡಿದವರು ಒತ್ತಿದರೆ ಮಳಿಗೆಗೆ ಹೋಗುತ್ತಾರೆ, ಕೊಂಡರೆ ವಿಡಿಯೊದವರಿಗೆ ಕಮಿಷನ್. ಶುರುವಿನಲ್ಲಿ ಇದು 10,000ಕ್ಕಿಂತ ಹೆಚ್ಚು ಚಂದಾದಾರರಿದ್ದ ಚಾನೆಲ್‌ಗಳಿಗೆ ಮಾತ್ರ.

ಇಲ್ಲಿಯೇ ಹಳೆಯ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಲೇತಿನ ಮುಂದೆ ಕೂತವನ ಕೈಯನ್ನು ಚಿತ್ರೀಕರಿಸಿದವರು ಯಾರೋ, ಕೊಂಡಿ ತೆರೆದುಕೊಳ್ಳುವುದು ಇನ್ಯಾರದೋ ಮಳಿಗೆಗೆ. ಆ ಮಳಿಗೆಯಲ್ಲಿ ಗೊಂಬೆ ಇಟ್ಟವನು ದೆಹಲಿಯ ವ್ಯಾಪಾರಿಯೂ ಆಗಿರಬಹುದು. ಆಂಧ್ರದ ಏಟಿಕೊಪ್ಪಾಕದಲ್ಲೂ ಅರಗಿನ ಗೊಂಬೆ ಮಾಡುತ್ತಾರೆ; ಮರವೂ ಅದೇ ಜಾತಿಯದು, ಲೇತಿನ ಕೆಲಸವೂ ಹತ್ತಿರದ್ದು, 2017ರಲ್ಲಿ ಅದಕ್ಕೂ ತನ್ನದೇ ಸೂಚ್ಯಂಕ ಸಿಕ್ಕಿದೆ. ಫೋನಿನ ಪುಟ್ಟ ಪರದೆಯಲ್ಲಿ ಎರಡನ್ನೂ ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಕಷ್ಟ. ಕಾರ್ಖಾನೆಯಲ್ಲಿ ಬಣ್ಣ ಸಿಂಪಡಿಸಿದ ಮರದ ಆಟಿಕೆಯೂ ಹುಡುಕಾಟದಲ್ಲಿ 'ಚನ್ನಪಟ್ಟಣ' ಎಂಬ ಪದ ಹೊತ್ತು ಬಂದು ಅವೆರಡರ ನಡುವೆ ನುಸುಳುತ್ತದೆ. ಒಂದು ಊರಿನ ಜನ ಇನ್ನೂರು ವರ್ಷ ದುಡಿದು ಗಳಿಸಿದ ಹೆಸರನ್ನು ಹೀಗೆ ಬಿಟ್ಟಿಯಾಗಿ ಅಂಟಿಸಿಕೊಳ್ಳುವುದು ಕಳವು. ಇದನ್ನು ಬೇರೆ ಮೆದು ಪದದಲ್ಲಿ ಹೇಳಬೇಕಾಗಿಲ್ಲ.

ಈ ಸೀಮೆಗೆ ಪರದೆ ಹೊಸದಲ್ಲ, ಪರದೆಯ ಮೇಲೆ ತನ್ನ ಹೆಸರು ಕಳೆದುಕೊಳ್ಳುವುದೂ ಹೊಸದಲ್ಲ. 1975ರ 'ಶೋಲೆ'ಯಲ್ಲಿ ರಾಮನಗರದ ಬಂಡೆಗಳನ್ನು ಇಡೀ ದೇಶ ನೋಡಿತು, ರಾಮಗಢ ಎಂಬ ಹೆಸರಿನಲ್ಲಿ. ಡೇವಿಡ್ ಲೀನ್ 1984ರಲ್ಲಿ 'ಎ ಪ್ಯಾಸೇಜ್ ಟು ಇಂಡಿಯಾ' ತೆಗೆದಾಗ ಮಾಗಡಿ ತಾಲ್ಲೂಕಿನ ಸಾವನದುರ್ಗ ಜಗತ್ತಿಗೆ ಮರಬಾರ್ ಬೆಟ್ಟವಾಗಿ ಕಂಡಿತು. ಸಿನಿಮಾಗೆ ಆ ಸ್ವಾತಂತ್ರ್ಯ ಇರಲಿ. ಮಾಲು ಮಾರುವ ವಿಡಿಯೊಗೆ ಇರಬಾರದು.

2023ರ ಮಾರ್ಚ್ 12ರಂದು 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ರಾಮನಗರ–ಚನ್ನಪಟ್ಟಣದ ಬೈಪಾಸು ಎರಡೂ ಊರನ್ನು ಪಕ್ಕಕ್ಕೆ ಸರಿಸಿ ಹೋಯಿತು. ಮೈಸೂರಿಗೆ ಹೋಗುವ ಕಾರು ಈಗ ಗೊಂಬೆ ಅಂಗಡಿಯ ಮುಂದೆ ಹಾಯುವುದಿಲ್ಲ, ಹಿಂದಿನ ಸೀಟಿನ ಮಗುವಿಗೆ ತೂಗುವ ಕುದುರೆ ಕಾಣುವುದಿಲ್ಲ. ಹಳೆಯ ರಸ್ತೆಯ ವ್ಯಾಪಾರ ಬಿದ್ದುಹೋಯಿತು. ರೈಲು ತಂದುಕೊಟ್ಟ, ಹೆದ್ದಾರಿ ಹಿಗ್ಗಿಸಿದ ಹಾದಿಹೋಕ ಗಿರಾಕಿ ಸುಮಾರು ನೂರನಲವತ್ತು ವರ್ಷಗಳ ಮೇಲೆ ಕೈತಪ್ಪಿದ. ಅಂಗಡಿಯವರಲ್ಲಿ ಕೆಲವರು ಫೋನು ಕೈಗೆತ್ತಿಕೊಂಡದ್ದು ಈ ಪೆಟ್ಟಿನ ನಂತರ. 'ಬೆಲೆಗೆ ಮೆಸೇಜ್ ಮಾಡಿ, ಲಿಂಕ್ ಬಯೋದಲ್ಲಿದೆ' ಎಂಬ ಮಾತು ಗೊಂಬೆ ಮಾರಾಟದ ಭಾಷೆಗೂ ಸೇರಿತು.

ರೀಲ್ಸಿನ ವಿವರಣೆಯಲ್ಲಿ ವಿಳಾಸ ಬರೆದರೂ ಅದು ಒತ್ತಿದರೆ ತೆರೆಯುವುದಿಲ್ಲ, ಹಾಗಾಗಿ ಬಯೋದ ದಾರಿ, ಇಲ್ಲವೇ ಕಾಮೆಂಟ್ ಹಾಕಿದವರಿಗೆ ತಾನಾಗಿ ಕೊಂಡಿ ಕಳಿಸುವ ಉಪಾಯ. ಕೊಂಡಿ ವಾಟ್ಸಾಪ್ ಸಂಖ್ಯೆಗೆ ಹೋದರೆ ಗಿರಾಕಿ ನೇರ ಮಾತಿಗೆ ಸಿಗುತ್ತಾನೆ: ಮಗುವಿನ ವಯಸ್ಸೆಷ್ಟು, ಹೆಸರು ಕೆತ್ತಬೇಕೆ, ಕೆಂಪು ಬೇಕೋ ಹಳದಿಯೋ. ದೊಡ್ಡ ಮಳಿಗೆಗೆ ಹೋದರೆ ಈ ಮಾತುಕತೆ ಇರುವುದಿಲ್ಲ, ಬದಲಿಗೆ ಕಾಗದಪತ್ರ ಇರುತ್ತದೆ. 2023ರ ಸೆಪ್ಟೆಂಬರ್ ಕೊನೆಯವರೆಗೆ ಇ-ಕಾಮರ್ಸ್ ಮಳಿಗೆಯಲ್ಲಿ ಒಂದೇ ಒಂದು ಬುಗುರಿ ಮಾರಲೂ ಜಿಎಸ್‌ಟಿ ನೋಂದಣಿ ಬೇಕಿತ್ತು. ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿದ್ದು ರಾಜ್ಯದೊಳಗೇ ಮಾರುವವರಿಗೆ ಇದು ಸಡಿಲವಾಯಿತು. ಹುಬ್ಬಳ್ಳಿಗೆ ಕಳಿಸಬಹುದು, ತಮಿಳುನಾಡಿನ ಹೊಸೂರಿಗೆ ಕಳಿಸಬೇಕೆಂದರೆ ಮತ್ತೆ ನೋಂದಣಿ. ವಿಡಿಯೊಗೆ ರಾಜ್ಯದ ಗಡಿ ಇಲ್ಲ, ಬಿಲ್ಲಿಗೆ ಇದೆ.

ವಿಡಿಯೊದವರಿಗೂ ಕಟ್ಟಳೆ ಬಂದಿದೆ. ಹಣ ಅಥವಾ ಕಮಿಷನ್ ಪಡೆದು ವಸ್ತುವನ್ನು ಹೊಗಳುವವರು ಅದು ಜಾಹೀರಾತು ಎಂದು ತಿಳಿಯುವಂತೆ ಹೇಳಬೇಕು, ಹೊಗಳಿದ ಭಾಷೆಯಲ್ಲೇ ಹೇಳಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚಿಸಿತು. ಗೊಂಬೆಯ ವಿಷಯದಲ್ಲಿ ಇನ್ನೂ ಮೂರನ್ನು ಸೇರಿಸುವುದು ಒಳ್ಳೆಯದು: ಕಡೆದ ಘಟಕದ ಹೆಸರು, ಅಧಿಕೃತ ಬಳಕೆದಾರರ ನೋಂದಣಿ ಸಂಖ್ಯೆ, ಊರಿನ ಪಿನ್‌ಕೋಡ್. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಮುಂದೆ ಪಾರ್ಸೆಲ್ಲಿನ ವಿಳಾಸದಲ್ಲಿ ಜಿಲ್ಲೆ ಏನೇ ಇದ್ದರೂ 562160 ಎಂಬ ಆರು ಅಂಕಿ ಚನ್ನಪಟ್ಟಣದ್ದೇ. ಕೊಂಡಿಯ ಪುಟದಲ್ಲಿ ಇಷ್ಟನ್ನು ತೋರಿಸಲು ಯಾವ ಹೊಸ ತಂತ್ರಜ್ಞಾನವೂ ಬೇಡ. ಮಳಿಗೆಯವರು ಕೇಳಬೇಕು, ನಿಗಮ ಕೊಡಿಸಬೇಕು.

ಇನ್ನೊಂದು ತೊಡಕಿದೆ, ಅದು ಮರದ್ದು. ವಿಡಿಯೊ ಒಂದೇ ರಾತ್ರಿಯಲ್ಲಿ ಲಕ್ಷ ಜನರಿಗೆ ಮುಟ್ಟುತ್ತದೆ, ಬೆಳಗಾಗುವುದರೊಳಗೆ ಆರ್ಡರ್ ಸುರಿಯುತ್ತದೆ. ಆಲೆ ಮರವನ್ನು ಕಡಿದು ತಂದ ದಿನವೇ ಲೇತಿಗೆ ಕೊಡಲಾಗದು. ಸಿಪ್ಪೆ ಬಿಡಿಸಿ, ತುಂಡು ಮಾಡಿ, ತಿಂಗಳುಗಟ್ಟಲೆ ಒಣಗಿಸಬೇಕು. ಹಸಿ ಮರದಲ್ಲಿ ಕಡೆದರೆ ಗೊಂಬೆ ಗಿರಾಕಿಯ ಮನೆ ಸೇರಿದ ಮೇಲೆ ಬಿರಿಯುತ್ತದೆ, ಅರಗು ಏಳುತ್ತದೆ. ದೊಡ್ಡ ಮಳಿಗೆಗಳಲ್ಲಿ ಮಾಲು ಕಳಿಸುವುದು ತಡವಾದರೆ ಮಾರುವವನ ಅಂಕ ಇಳಿಯುತ್ತದೆ, ಅಂಕ ಇಳಿದರೆ ಅವನ ಮಾಲು ಹುಡುಕಾಟದಲ್ಲಿ ಕೆಳಗೆ ಬೀಳುತ್ತದೆ. ಅವಸರಕ್ಕೆ ಬಿದ್ದು ಹಸಿ ಮರ ಕಡೆದರೆ ಹೆಸರು ಹೋಗುತ್ತದೆ. ಆರ್ಡರ್ ಇಟ್ಟವರಿಗೆ 'ನಾಲ್ಕು ವಾರ ಕಾಯಿರಿ' ಎಂದು ಬರೆಯಲು ಜಾಗ ಕೊಡುವ ಮಳಿಗೆ, ಮುಂಗಡ ಪಡೆದು ಕಡೆಯಲು ಬಿಡುವ ಗಿರಾಕಿ, ಇವೆರಡೂ ಈ ಕಸುಬಿಗೆ ಸುಂಕದಷ್ಟೇ ಮುಖ್ಯ. ನವರಾತ್ರಿಗೆ ಮಾರಬೇಕಾದ ಗೊಂಬೆಯ ಮರ ಬೇಸಿಗೆಯ ಬಿಸಿಲಲ್ಲೇ ಒಣಗಲು ಕೂತಿರಬೇಕು, ಸೆಪ್ಟೆಂಬರ್‌ನ ವಿಡಿಯೊಗೆ ಲೆಕ್ಕ ಏಪ್ರಿಲ್‌ನಲ್ಲೇ ಆಗಬೇಕು: ಎಷ್ಟು ಗಾಡಿ ಮರ, ಎಷ್ಟು ಕಿಲೋ ಅರಗು, ಬಣ್ಣ ಹಚ್ಚಲು ಎಷ್ಟು ಕೈ, ಮತ್ತು ಇವಕ್ಕೆಲ್ಲ ಐದು ತಿಂಗಳು ಮೊದಲೇ ಹಣ ಹಾಕುವವರು ಯಾರು.